ಚೆಪಾಕ್‌ನ 17 ರನ್, ಪೋರೂರಿನ 15 ಡಿಗ್ರಿ

1999ರ ಜನವರಿ 31, ಚೆನ್ನೈನ ಚೆಪಾಕ್ ಮೈದಾನ. ಪಾಕಿಸ್ತಾನದ ವಿರುದ್ಧದ ಟೆಸ್ಟ್‌ನಲ್ಲಿ ಭಾರತದ ಗುರಿ 271. ಬೆನ್ನುನೋವನ್ನು ನುಂಗಿಕೊಂಡು 136 ರನ್ ಗಳಿಸಿದ್ದ ಸಚಿನ್ ತೆಂಡೂಲ್ಕರ್ ಔಟಾದಾಗ ಮೊತ್ತ 7 ವಿಕೆಟ್‌ಗೆ 254. ಬೇಕಿದ್ದದ್ದು ಬರೀ 17 ರನ್. ಆ ಹೊತ್ತಿಗೆ ಭಾರತದ ಬಳಿ ಉಳಿದಿದ್ದ ನಾಲ್ವರೂ ಕರ್ನಾಟಕದವರು: ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್. ಇನ್ನು ನಾಲ್ಕೇ ರನ್ ಸೇರುವಷ್ಟರಲ್ಲಿ ಕುಂಬ್ಳೆ, ಜೋಶಿ, ಶ್ರೀನಾಥ್ ಒಬ್ಬರ ಹಿಂದೊಬ್ಬರು ಪೆವಿಲಿಯನ್ ಸೇರಿದರು. 258ಕ್ಕೆ ಆಟ ಮುಗಿಯಿತು, 12 ರನ್‌ಗಳ ಸೋಲು. ಅದೇ ಪಂದ್ಯದಲ್ಲಿ ಪ್ರಸಾದ್ 33 ರನ್‌ಗೆ 6 ವಿಕೆಟ್ ಕಿತ್ತದ್ದು ಹಲವರಿಗೆ ಮರೆತೇ ಹೋಗಿದೆ. ಬಾಲಂಗೋಚಿಗಳು ಕೈಕೊಟ್ಟರು ಎಂಬ ಮಾತು ಮಾತ್ರ ಇಂದಿಗೂ ಉಳಿದಿದೆ.

ಆ ಮಾತು ಎಷ್ಟು ನ್ಯಾಯ ಎಂದು ತೂಗಿ ನೋಡಲು ಒಂದು ದಾರಿಯಿದೆ. ಆ ಕ್ಷಣದಿಂದ ಪಂದ್ಯವನ್ನು ಲೆಕ್ಕದಲ್ಲಿ ಮತ್ತೆ ಮತ್ತೆ ಆಡಿಸುವುದು. ವೃತ್ತಿಜೀವನದ ಟೆಸ್ಟ್ ಸರಾಸರಿಯಲ್ಲಿ ಜೋಶಿ 20ರ ಮೇಲಿದ್ದಾರೆ, ಕುಂಬ್ಳೆ 17ರ ಮೇಲೆ, ಶ್ರೀನಾಥ್ 14ರ ಆಸುಪಾಸು. ಪಿಚ್ ನಾಲ್ಕನೇ ದಿನದ್ದು, ಚೆಂಡು ಸಕ್ಲೇನ್ ಮುಷ್ತಾಕ್ ಮತ್ತು ವಾಸಿಂ ಅಕ್ರಂ ಕೈಯಲ್ಲಿ. ಆದ್ದರಿಂದ ಕೈ ಬಿಗಿಹಿಡಿದು, ಪ್ರತಿ ಜೋಡಿಯೂ ಸರಾಸರಿ 10 ರನ್ ಮಾತ್ರ ಸೇರಿಸುತ್ತದೆ ಎಂದು ಇಟ್ಟುಕೊಳ್ಳೋಣ. ಹಾಗಿದ್ದರೂ ನೂರು ಸಲ ಆಡಿದರೆ ಭಾರತ ಸುಮಾರು 75 ಸಲ ಗೆಲ್ಲುತ್ತದೆ. ಮೂರೂ ವಿಕೆಟ್ ನಾಲ್ಕು ರನ್‌ನೊಳಗೆ ಉರುಳುವುದು ನೂರರಲ್ಲಿ ಎರಡು ಸಲ. ಅಂದು ಜನ ಕಣ್ಣಾರೆ ಕಂಡ ಪಂದ್ಯ ಆ ಎರಡರಲ್ಲಿ ಒಂದು. ಆಟಗಾರರ ನಿಜವಾದ ಅಂಕಿಅಂಶಗಳನ್ನು ತುಂಬಿ ಕಂಪ್ಯೂಟರಿನಲ್ಲಿ ಆಡಿಸುವ ಕಾಲ್ಪನಿಕ ಪಂದ್ಯಗಳ, ಅಂದರೆ ಸಿಮ್ಯುಲೇಷನ್‌ಗಳ, ನಿಜವಾದ ಬೆಲೆ ಇರುವುದು ಇಲ್ಲೇ. ನಾಳೆ ಯಾರು ಗೆಲ್ಲುತ್ತಾರೆ ಎಂಬ ಭವಿಷ್ಯ ಅವುಗಳ ಕೆಲಸವಲ್ಲ. ನಡೆದದ್ದರ ಸುತ್ತ ನಡೆಯಬಹುದಾಗಿದ್ದ ಎಷ್ಟು ಪಂದ್ಯಗಳಿದ್ದವು ಎಂಬುದನ್ನು ಅವು ತೋರಿಸುತ್ತವೆ. ಗೆದ್ದವರ ಹೊಗಳಿಕೆಗೂ ಸೋತವರ ಬೈಗುಳಕ್ಕೂ ಒಂದು ಅಳತೆ ಸಿಗುವುದು ಆಗಲೇ.

ಇದರ ಮೂಲರೂಪವನ್ನು ಶಾಲೆಯ ಹಿಂದಿನ ಬೆಂಚಿನ ಮಕ್ಕಳೆಲ್ಲ ಬಲ್ಲರು: ಬುಕ್ ಕ್ರಿಕೆಟ್. ಪುಸ್ತಕ ತೆರೆದಾಗ ಎಡಪುಟದ ಕೊನೆಯ ಅಂಕಿ 0, 2, 4, 6, 8ರಲ್ಲಿ ಯಾವುದಾದರೂ ಒಂದು. ಸೊನ್ನೆ ಬಂದರೆ ಔಟ್. ಅಲ್ಲಿ ಗಾವಸ್ಕರ್‌ಗೂ ಹನ್ನೊಂದನೇ ಆಟಗಾರನಿಗೂ ವ್ಯತ್ಯಾಸವಿಲ್ಲ, ಯಾರೇ ಬಂದರೂ ಐದಕ್ಕೊಂದು ಪಾಲು ಔಟಾಗುವ ಸಾಧ್ಯತೆ. ಸಿಮ್ಯುಲೇಷನ್ ಮಾಡುವುದು ಇಷ್ಟೇ: ಒಬ್ಬೊಬ್ಬ ಆಟಗಾರನಿಗೂ ಅವನದೇ ಪುಸ್ತಕ ಕೊಡುತ್ತದೆ. ಒಂದು ಎಸೆತಕ್ಕೆ ಖಾಲಿ, ಒಂದು, ಎರಡು, ನಾಲ್ಕು, ಆರು, ವೈಡ್, ವಿಕೆಟ್, ಇವುಗಳಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಎಂಬುದನ್ನು ದಾಖಲೆಯಿಂದ ತೆಗೆದು, ಅದೇ ಪ್ರಮಾಣದಲ್ಲಿ ಚೀಟಿ ಎತ್ತುತ್ತದೆ. ಬೌಲರ್‌ಗೂ ಹಾಗೆಯೇ ಒಂದು ಪುಸ್ತಕ. ಇಬ್ಬರು ಎದುರಾದಾಗ ಎರಡನ್ನೂ ಸರಾಸರಿ ಆಟದ ಪಕ್ಕ ಇಟ್ಟು ಕೂಡಿಸಬೇಕು. ಸರಾಸರಿ 60 ಎಸೆತಕ್ಕೊಂದು ವಿಕೆಟ್ ಬೀಳುವ ಆಟದಲ್ಲಿ 80 ಎಸೆತಕ್ಕೊಮ್ಮೆ ಔಟಾಗುವ ದಾಂಡಿಗನೂ 40 ಎಸೆತಕ್ಕೊಂದು ವಿಕೆಟ್ ಕೀಳುವ ಬೌಲರೂ ಎದುರಾದರೆ, ದಾಂಡಿಗ ಅಪಾಯವನ್ನು ಮುಕ್ಕಾಲಿಗೆ ಇಳಿಸುತ್ತಾನೆ, ಬೌಲರ್ ಒಂದೂವರೆ ಪಟ್ಟಿಗೆ ಏರಿಸುತ್ತಾನೆ. ಸುಮಾರು 53 ಎಸೆತಕ್ಕೊಂದು ವಿಕೆಟ್ ಎಂಬ ಲೆಕ್ಕ ಸಿಗುತ್ತದೆ. ಹೀಗೆ ಒಂದೊಂದು ಎಸೆತವನ್ನೂ ಆಡಿಸಿ, ಇಡೀ ಪಂದ್ಯವನ್ನು ಹತ್ತು ಸಾವಿರ ಸಲ ಮುಗಿಸಲು ಇಂದಿನ ಸಾಧಾರಣ ಲ್ಯಾಪ್‌ಟಾಪ್ ಸಾಕು. ಪ್ರತಿ ಎಸೆತದ ದಾಖಲೆಯನ್ನು ಕ್ರಿಕ್‌ಶೀಟ್‌ನಂಥ ತಾಣ ಯಾರಿಗಾದರೂ ಉಚಿತವಾಗಿ ಕೊಡುತ್ತದೆ.

ಯಂತ್ರದ ಕೆಲಸ ಇಷ್ಟು ಸುಲಭ. ಕಷ್ಟವಿರುವುದು ಪುಸ್ತಕದಲ್ಲಿ ಏನು ಬರೆಯಬೇಕು ಎಂಬಲ್ಲಿ. ಸಾರ್ವಕಾಲಿಕ ಕರ್ನಾಟಕ ತಂಡವೊಂದನ್ನು ಕಟ್ಟಿ ಟಿ20 ಆಡಿಸುವ ಆಸೆ ಯಾರಿಗಿಲ್ಲ? ಆದರೆ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದ ಬಿ.ಎಸ್. ಚಂದ್ರಶೇಖರ್ ಆಡಿದ್ದು ಒಂದೇ ಒಂದು ಏಕದಿನ ಅಂತರರಾಷ್ಟ್ರೀಯ ಪಂದ್ಯ, ಇ.ಎ.ಎಸ್. ಪ್ರಸನ್ನ ಒಂದನ್ನೂ ಆಡಲಿಲ್ಲ. ಅವರ ಟೆಸ್ಟ್ ಅಂಕಿಗಳನ್ನೇ ಎತ್ತಿ ಇಪ್ಪತ್ತು ಓವರ್‌ಗೆ ಹಚ್ಚಿದರೆ ಬರುವ ಫಲಿತಾಂಶಕ್ಕೆ ಅರ್ಥವಿಲ್ಲ. ತಮ್ಮ ಕಾಲದ ಉಳಿದ ಬೌಲರ್‌ಗಳಿಗಿಂತ ಅವರು ಎಷ್ಟು ಮುಂದಿದ್ದರು ಎಂದು ಅಳೆದು, ಆ ಅಂತರವನ್ನು ಮಾತ್ರ ಇಂದಿನ ಆಟಕ್ಕೆ ತರಬಹುದು. ಆಗಲೂ ಉತ್ತರ ಒಂದು ಊಹೆಯೇ. ಇನ್ನೊಂದು ಬಲೆ ಚಿಕ್ಕ ಲೆಕ್ಕದ್ದು. ಈ ದಾಂಡಿಗ ಈ ಬೌಲರ್‌ಗೆ ಮೂರು ಸಲ ಔಟಾಗಿದ್ದಾನೆ ಎಂದು ಟಿವಿಯವರು ಹೇಳುವಾಗ ಅವರಿಬ್ಬರು ಎದುರಾದದ್ದು ಮೂವತ್ತೋ ನಲವತ್ತೋ ಎಸೆತ. ಅಷ್ಟರ ಮೇಲೆ ಒಂದು ಸ್ವಭಾವವನ್ನು ತೀರ್ಮಾನಿಸಲಾಗದು. ಬಲ್ಲವರು ಅಂಥ ಅಂಕಿಯನ್ನು ಒಟ್ಟಾರೆ ಸರಾಸರಿಯ ಕಡೆಗೆ ಎಳೆದು ನಿಲ್ಲಿಸುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಸಮಸ್ಯೆಯನ್ನು ಕಾಣಬೇಕಾದರೆ ಚೆಪಾಕ್ ಬಿಟ್ಟು ಅದೇ ಚೆನ್ನೈನ ಪಶ್ಚಿಮದ ಪೋರೂರಿಗೆ ಹೋಗಬೇಕು. ಅಲ್ಲಿನ ಶ್ರೀ ರಾಮಚಂದ್ರ ವಿಶ್ವವಿದ್ಯಾಲಯದ ಕ್ರೀಡಾ ವಿಜ್ಞಾನ ಕೇಂದ್ರ, ಬೌಲಿಂಗ್ ಶೈಲಿಯನ್ನು ಪರೀಕ್ಷಿಸಲು ಐಸಿಸಿ ಮಾನ್ಯತೆ ನೀಡಿದ ಜಗತ್ತಿನ ಕೆಲವೇ ಪ್ರಯೋಗಾಲಯಗಳಲ್ಲಿ ಒಂದು. ಬೌಲರ್‌ನ ಭುಜ, ಮೊಣಕೈ, ಮಣಿಕಟ್ಟಿಗೆ ಬೆಳಕು ಪ್ರತಿಫಲಿಸುವ ಪುಟ್ಟ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲೂ ಅತಿವೇಗದ ಕ್ಯಾಮೆರಾಗಳು. ತೋಳು ಭುಜದ ಮಟ್ಟಕ್ಕೆ ಬಂದ ಕ್ಷಣದಿಂದ ಚೆಂಡು ಬೆರಳು ಬಿಡುವ ಕ್ಷಣದವರೆಗೆ ಮೊಣಕೈ ಎಷ್ಟು ನೆಟ್ಟಗಾಯಿತು ಎಂಬುದನ್ನು ಅಳೆಯುತ್ತಾರೆ. 15 ಡಿಗ್ರಿ ದಾಟಿದರೆ ಆ ಎಸೆತ ನಿಯಮಬಾಹಿರ. ಬರಿಗಣ್ಣಿಗೆ ಈ ಅಳತೆ ನಿಲುಕದು.

ಪಾಕಿಸ್ತಾನದ ಸಯೀದ್ ಅಜ್ಮಲ್ ಈ ಮಿತಿ ದಾಟಿದ್ದಕ್ಕೆ 2014ರ ಸೆಪ್ಟೆಂಬರ್‌ನಲ್ಲಿ ಅಮಾನತಾದಾಗ ಏಕದಿನ ಬೌಲರ್‌ಗಳ ಶ್ರೇಯಾಂಕದಲ್ಲಿ ಮೊದಲಿಗರಾಗಿದ್ದರು. 111 ಏಕದಿನ ಪಂದ್ಯಗಳಲ್ಲಿ 183 ವಿಕೆಟ್ ಅವರ ಹೆಸರಿನಲ್ಲಿದ್ದವು. ಕೈ ತಿದ್ದಿಕೊಂಡು 2015ರ ಜನವರಿಯಲ್ಲಿ ಚೆನ್ನೈಗೆ ಬಂದು ಮರುಪರೀಕ್ಷೆಗೆ ಒಳಗಾದರು. ಎಲ್ಲ ಎಸೆತವೂ ಮಿತಿಯೊಳಗಿದೆ ಎಂದು ತೀರ್ಮಾನವಾಯಿತು. ಆ ಬಳಿಕ ಅವರು ಆಡಿದ್ದು ಬಾಂಗ್ಲಾದೇಶದಲ್ಲಿ ಎರಡು ಏಕದಿನ ಮತ್ತು ಒಂದು ಟಿ20. ಸಿಕ್ಕಿದ್ದು ಒಂದೇ ವಿಕೆಟ್. ಆ ಸರಣಿಯನ್ನು ಮುಂಚಿತವಾಗಿ ಕಂಪ್ಯೂಟರಿನಲ್ಲಿ ಆಡಿಸಿದ್ದರೆ ಆ 111 ಪಂದ್ಯಗಳ ಅಜ್ಮಲ್ ಬಾಂಗ್ಲಾ ತಂಡವನ್ನು ಹತ್ತು ಸಾವಿರ ಸಲ ಕಾಡಿರುತ್ತಿದ್ದರು. ಮೈದಾನಕ್ಕಿಳಿದವರ ಹೆಸರು ಅದೇ, ತೋಳು ಮಾತ್ರ ಬೇರೆ. ಮೂರು ಪಂದ್ಯಗಳಿಂದ ಒಬ್ಬ ಬೌಲರ್‌ನನ್ನು ಅಳೆಯಬಾರದು ಎಂಬುದು ಸರಿಯಾದ ಆಕ್ಷೇಪ. ಆದರೆ ಹಳೆಯ 111 ಪಂದ್ಯಗಳಿಂದ ಅಳೆಯುವುದೂ ಅಷ್ಟೇ ತಪ್ಪು. ಶೈಲಿ ಬದಲಾದ ದಿನದಿಂದಾಚೆಗೆ ಹಳೆಯ ಅಂಕಿಗಳ ತೂಕ ಇಳಿಸಿ, ಉತ್ತರದ ಹರವನ್ನು ಅಗಲಿಸುವುದೊಂದೇ ಪ್ರಾಮಾಣಿಕ ದಾರಿ.

ಬದಲಾವಣೆ ಸದಾ ಇಳಿಮುಖವೇ ಆಗಬೇಕಿಲ್ಲ. ವೆಸ್ಟ್ ಇಂಡೀಸ್‌ನ ಸುನಿಲ್ ನಾರಾಯಣ್ ಕೂಡ 2015ರಲ್ಲಿ ಚೆನ್ನೈನಲ್ಲಿ ಪರೀಕ್ಷೆಗೆ ಒಳಗಾದವರೇ. ಎರಡು ವರ್ಷದ ಬಳಿಕ, 2017ರ ಐಪಿಎಲ್‌ನಲ್ಲಿ, ಕೋಲ್ಕತ್ತ ತಂಡ ಅವರನ್ನು ಆರಂಭಿಕ ದಾಂಡಿಗನಾಗಿ ಕಳಿಸಿತು. ಅದಕ್ಕೂ ಮೊದಲಿನ ಬ್ಯಾಟಿಂಗ್ ದಾಖಲೆಯನ್ನು ನಂಬಿದ ಯಾವ ಸಿಮ್ಯುಲೇಷನ್ನೂ ಅಂಥ ಸಲಹೆ ಕೊಡುತ್ತಿರಲಿಲ್ಲ. 2024ರಲ್ಲಿ ಅವರು 488 ರನ್ ಹೊಡೆದು, 17 ವಿಕೆಟ್ ಪಡೆದು ಟೂರ್ನಿಯ ಅತ್ಯಮೂಲ್ಯ ಆಟಗಾರರಾದರು. ಆಡಿಸದೇ ಇದ್ದ ಆಟದ ಅಂಕಿ ಯಾವ ದಾಖಲೆಯಲ್ಲೂ ಇರುವುದಿಲ್ಲ. ಕಣ್ಣಿಟ್ಟು ನೆಟ್ಸ್ ನೋಡುವ ಕೋಚ್‌ನ ಜಾಗವನ್ನು ಲ್ಯಾಪ್‌ಟಾಪ್ ತುಂಬಲಾರದು ಎನ್ನಲು ನನಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ಹಾಗಿದ್ದರೆ ಒತ್ತಡ? ಅಂಕಿಗೆ ಎದೆಬಡಿತ ಗೊತ್ತೇ ಎಂದು ಕೇಳುವವರ ಕೈಯಲ್ಲಿ ಚೆಪಾಕ್‌ನದೇ ಒಳ್ಳೆಯ ಸಾಕ್ಷಿಯಿದೆ. 1975ರ ಜನವರಿಯಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ ಜಿ.ಆರ್. ವಿಶ್ವನಾಥ್ ಅಜೇಯ 97 ಗಳಿಸಿದರು. ತಂಡದ ಮೊತ್ತ 190. ಭಾರತ ಆ ಪಂದ್ಯ ಗೆದ್ದಿತು. ಶತಕಗಳ ಪಟ್ಟಿಯಲ್ಲಿ ಆ ಆಟಕ್ಕೆ ಜಾಗವಿಲ್ಲ, ಸರಾಸರಿಯಲ್ಲಿ ಅದು ಸತ್ತ ಪಿಚ್‌ನ 97ಕ್ಕೆ ಸಮ. ಆಕ್ಷೇಪ ಸರಿಯಾದದ್ದೇ, ಆದರೆ ಅದು ಒರಟು ಅಂಕಿಯ ಮೇಲಿನ ದೂರು. ರನ್ ಯಾವ ಹೊತ್ತಿನಲ್ಲಿ, ಯಾರ ಎದುರು ಬಂತು ಎಂದು ತೂಗುವ ಪ್ರಯತ್ನಗಳು ಚೆನ್ನೈನಲ್ಲೇ ನಡೆದಿವೆ: ಮದ್ರಾಸ್ ಐಐಟಿಯ ಪ್ರಾಧ್ಯಾಪಕರು ಇಎಸ್‌ಪಿಎನ್ ಕ್ರಿಕ್‌ಇನ್ಫೊ ಜೊತೆ ಸೇರಿ 2019ರಲ್ಲಿ ಹೊರತಂದ ಅಳತೆಗಳು ಬಿಟ್ಟ ಕ್ಯಾಚಿನ ಅದೃಷ್ಟವನ್ನೂ ರನ್ ಲೆಕ್ಕದಲ್ಲಿ ಹೇಳಲು ಯತ್ನಿಸುತ್ತವೆ. ಒತ್ತಡವನ್ನು ಲೆಕ್ಕಕ್ಕೆ ತರುವುದೂ ಸಾಧ್ಯ. 1999ರ ನಮ್ಮ ಮೂರು ಜೋಡಿಗಳು ಗಾಬರಿಯಲ್ಲಿ 10ರ ಬದಲು ಸರಾಸರಿ 5 ರನ್ ಮಾತ್ರ ಸೇರಿಸುತ್ತವೆ ಎನ್ನೋಣ. ಭಾರತದ ಗೆಲುವು ನೂರಕ್ಕೆ 36ಕ್ಕೆ ಇಳಿಯುತ್ತದೆ. ಹಾಗೆ ಅರ್ಧಕ್ಕರ್ಧ ಕುಗ್ಗಿಸಿದರೂ ಅಂಥ ಕುಸಿತ ಹತ್ತರಲ್ಲಿ ಒಂದು ಸಲದ ಮಾತು. ಜೋಶಿ, ಕುಂಬ್ಳೆ, ಶ್ರೀನಾಥ್‌ರ ಮೇಲೆ ಕಾಲು ಶತಮಾನದಿಂದ ಹೊರಿಸಿರುವ ಹೊರೆಯಲ್ಲಿ ದೊಡ್ಡ ಪಾಲು ದುರದೃಷ್ಟದ್ದು ಎಂದು ನಾನು ನಂಬುವುದು ಈ ಲೆಕ್ಕದಿಂದ.

ಹಣದ ಮಾತು ಉಳಿಯಿತು. ಆಟಗಾರರನ್ನು ಆರಿಸಿ ಹಣ ಕಟ್ಟುವ ಫ್ಯಾಂಟಸಿ ಕ್ರಿಕೆಟ್ ಕೌಶಲದ ಆಟವೋ ಜೂಜೋ ಎಂಬ ವಾದ ನಮ್ಮ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ಮದ್ರಾಸಿನ ಕುದುರೆ ಪಂದ್ಯದ ಕುರಿತು 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದಕ್ಕೆ ಆಧಾರವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಸಿಮ್ಯುಲೇಷನ್ ಆ ವಾದಕ್ಕೆ ಸೇರಿಸುವ ಮಾತು ಒಂದಿದೆ: ಕೌಶಲ ನೂರಾರು ಪಂದ್ಯಗಳಲ್ಲಿ ಎದ್ದು ಕಾಣುತ್ತದೆ, ಒಂದು ರಾತ್ರಿಯ ಪಂದ್ಯದಲ್ಲಿ ಅದೃಷ್ಟ ಅದನ್ನು ಸುಲಭವಾಗಿ ಮುಚ್ಚಿಬಿಡುತ್ತದೆ. ಸಂಬಳದ ದುಡ್ಡು ಕಟ್ಟಿದ ಹುಡುಗನಿಗೆ ಇದನ್ನು ಮೊದಲೇ ಹೇಳಬೇಕಿತ್ತು. ಹಣವಿಲ್ಲದ ಕಡೆ ಈ ಕಾಲ್ಪನಿಕ ಆಟಕ್ಕೆ ಅಡ್ಡಿಯಿಲ್ಲ, ಪ್ರೌಢಶಾಲೆಯಲ್ಲಿ ಸಂಭವನೀಯತೆ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದೂ ಕಷ್ಟ. ಟಿವಿಯವರು ಮಾಡಬೇಕಾದ್ದು ಇನ್ನೂ ಚಿಕ್ಕದು. ಪರದೆಯ ಮೂಲೆಯಲ್ಲಿ ಗೆಲುವಿನ ಸಾಧ್ಯತೆ ಶೇ 75 ಎಂದು ತೋರಿಸುವಾಗ, ಅದು ಯಾವ ವರ್ಷದಿಂದೀಚಿನ ಎಷ್ಟು ಎಸೆತಗಳ ಲೆಕ್ಕ, ಎಷ್ಟರಿಂದ ಎಷ್ಟರವರೆಗೆ ಹಿಂದುಮುಂದಾಗಬಹುದು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಹಾಕಿದರೆ ಸಾಕು.