ಘಟ್ಟದ ಈಚೆಗೊಂದು ಕಡಲಹೂ

ಕಾವೇರಿಯು ಚುಂಚನಕಟ್ಟೆಯ ಬಂಡೆಗಳ ಮೇಲೆ ಧುಮುಕಿ ಕೃಷ್ಣರಾಜನಗರದ ಗದ್ದೆಗಳನ್ನು ತಣಿಸಿ ಮುಂದೆ ಸಾಗುವುದು. ಲಕ್ಷ್ಮಣತೀರ್ಥವು ಬ್ರಹ್ಮಗಿರಿಯಿಂದಿಳಿದು ಹುಣಸೂರಿನ ಮಗ್ಗುಲಲ್ಲಿ ಹರಿದು ಅದೇ ಕಾವೇರಿಯನ್ನು ಕೂಡುವುದು. ವಯನಾಡಿನಿಂದ ಬಂದ ಕಬಿನಿಯು ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ ಅಣೆಕಟ್ಟಿನ ಹಿಂದೆ ತುಂಬಿ ನಿಲ್ಲುವುದು. ಸಿಹಿನೀರಿನ ಪರಿಚಯ ಇಷ್ಟು ಗಾಢವಾಗಿರುವ ಈ ಸೀಮೆಗೆ ಉಪ್ಪುನೀರು ಮಾತ್ರ ಅಪರಿಚಿತ. ಪಡುವಣ ಕಡಲು ಘಟ್ಟಗಳ ಆಚೆ ಮರೆಯಾಗಿದೆ. ಮೂಡಣ ಕಡಲನ್ನು ಮುಟ್ಟಬೇಕಾದರೆ ಇಲ್ಲಿನ ಹೊಳೆಗಳೆಲ್ಲ ತಮಿಳುನಾಡನ್ನು ಅಡ್ಡಹಾಯ್ದು ಪೂಂಪುಹಾರಿನವರೆಗೆ ನಡೆಯಬೇಕು. ಇಂತಹ ಒಳನಾಡಿನ ಮನೆಯೊಂದರ ಹಜಾರದಲ್ಲಿ ಗಾಜಿನ ತೊಟ್ಟಿಯನ್ನಿರಿಸಿ, ಅದರೊಳಗೆ ಸಮುದ್ರವನ್ನೇ ಕೈಯಾರೆ ನಿರ್ಮಿಸಿ, ಆ ಸಮುದ್ರದಲ್ಲಿ ಒಂದು ಕಡಲಹೂವನ್ನು ಬಾಳಿಸುವ ಕಲೆಯನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಅಂಗಡಿಯವರು ಸೀ ಅನಿಮೋನ್ ಎಂದು ಕರೆಯುವ ಈ ಜೀವಿ ನೋಟಕ್ಕೆ ಹೂವಾದರೂ ಪ್ರಾಣಿವರ್ಗಕ್ಕೆ ಸೇರಿದುದು. ಹವಳಕ್ಕೂ ಲೋಳೆಮೀನಿಗೂ ಹತ್ತಿರದ ನೆಂಟ. ಬಂಡೆಗಂಟಿಕೊಳ್ಳುವ ಒಂದು ಪಾದ, ಅದರ ಮೇಲೆ ಕಂಬದಂತಹ ಮೃದುದೇಹ, ತುದಿಯಲ್ಲಿ ಒಂದು ತಟ್ಟೆ, ತಟ್ಟೆಯ ನಡುವೆ ಒಂದೇ ಬಾಯಿ, ಸುತ್ತಲೂ ಕರಬಳ್ಳಿಗಳು: ಇಷ್ಟೇ ಇದರ ಅಂಗರಚನೆ. ಮಿದುಳಿಲ್ಲ, ಹೃದಯವಿಲ್ಲ, ಎಲುಬಿಲ್ಲ; ಉಣ್ಣುವುದೂ ವಿಸರ್ಜಿಸುವುದೂ ಅದೊಂದೇ ಬಾಯಿಂದ. ಕರಬಳ್ಳಿಗಳ ತುಂಬ ಹುದುಗಿರುವ ಕುಟುಕುಕಣಗಳು ಸೋಂಕಿದ ಬೇಟೆಗೆ ಸೂಕ್ಷ್ಮವಾದ ವಿಷದೆಳೆಗಳನ್ನು ಚುಚ್ಚುತ್ತವೆ. ಸಾವಿರಕ್ಕೂ ಮಿಕ್ಕಿದ ಜಾತಿಗಳಲ್ಲಿ ಹತ್ತು ಮಾತ್ರ ಕ್ಲೌನ್ ಮೀನುಗಳಿಗೆ ಆಶ್ರಯವೀಯುತ್ತವೆ. ಉಷ್ಣವಲಯದ ಈ ಆಶ್ರಯದಾತರ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಶೈವಲಗಳು ವಾಸವಾಗಿದ್ದು, ಬೆಳಕಿನಲ್ಲಿ ಆಹಾರವನ್ನು ತಯಾರಿಸಿ ಅದರ ಬಹುಪಾಲನ್ನು ಮನೆಯೊಡೆಯನಿಗೆ ಸಲ್ಲಿಸುತ್ತವೆ. ಕಡಲಹೂವಿನ ಕಂದು ಅಥವಾ ಹಸಿರು ಛಾಯೆಗೆ ಮುಖ್ಯವಾಗಿ ಈ ಶೈವಲಗಳೇ ಕಾರಣ. ಕೊಳ್ಳುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಸಮುದ್ರವನ್ನು ಮನೆಗೆ ತರುವ ಹಂಬಲ ಇಂದಿನದಲ್ಲ. 1846ರಲ್ಲಿ ಇಂಗ್ಲೆಂಡಿನ ಟಾರ್ಕೀ ತೀರದಿಂದ ಸಜೀವ ಹವಳಗಳನ್ನು ಲಂಡನ್ನಿಗೆ ಕೊಂಡೊಯ್ದ ಆನ್ನಾ ಥಿನ್ ಎಂಬ ಗೃಹಿಣಿ, ನೀರಿನಲ್ಲಿ ಪ್ರಾಣವಾಯು ಕ್ಷೀಣಿಸದಂತೆ ಅದನ್ನು ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧಗಂಟೆ, ಮುಕ್ಕಾಲು ಗಂಟೆ ಸುರಿಸುತ್ತಿದ್ದಳು. ಆ ಶ್ರಮದ ಹೆಚ್ಚಿನ ಪಾಲು ಮನೆಯ ಕೆಲಸದಾಕೆಯದು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ದುಡಿದ ಫಿಲಿಪ್ ಹೆನ್ರಿ ಗಾಸ್, ಅಡಿಗೆಯುಪ್ಪು, ಮೆಗ್ನೀಸಿಯಮ್ ಮತ್ತು ಪೊಟ್ಯಾಸಿಯಮ್ ಲವಣಗಳನ್ನು ಸಿಹಿನೀರಿನಲ್ಲಿ ಬೆರೆಸಿ ಕೃತಕ ಸಮುದ್ರಜಲವನ್ನು ಸಿದ್ಧಪಡಿಸಿದನು; ಹುಣಸೂರಿನಂತಹ ಊರಿನಲ್ಲಿ ಕಡಲಹೂ ಬದುಕಬಲ್ಲುದಾದರೆ ಆ ಪ್ರಯೋಗದ ಋಣ ಅದರಲ್ಲುಂಟು. ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಸರ್ ಜಾನ್ ಡ್ಯಾಲಿಯೆಲ್ 1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ತೀರದಿಂದ ತಂದ ಒಂದು ಸಾಧಾರಣ ಕಡಲಹೂ. ಒಂದು ಗಾಜಿನ ಪಾತ್ರೆ, ಆಗಾಗ ಬದಲಿಸಿದ ಸಮುದ್ರದ ನೀರು, ಒಂದಿಷ್ಟು ಕಪ್ಪೆಚಿಪ್ಪಿನ ಮಾಂಸ ಇವಿಷ್ಟರಿಂದಲೇ ಅದು ಬಾಳಿತು. ತಂದಾತನು ತೀರಿಕೊಂಡ ಮೇಲೆಯೂ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟಿ, ನೂರಾರು ಮರಿಗಳನ್ನು ಹೆತ್ತು, 'ಅಜ್ಜಿ' ಎಂಬ ಹೆಸರನ್ನು ಪಡೆದು 1887ರವರೆಗೆ ಎಡಿನ್‌ಬರೋದಲ್ಲಿ ಜೀವಿಸಿತು. ತಂದ ನಂತರವೇ ಐವತ್ತೊಂಬತ್ತು ವರ್ಷ! ನಮ್ಮ ಮನೆಗಳಿಗೆ ಬಂದ ಕಡಲಹೂಗಳು ಎಷ್ಟೋ ಸಲ ತಿಂಗಳೊಪ್ಪತ್ತಿನಲ್ಲಿ ಕರಗಿಹೋಗುವುದನ್ನು ನೆನೆದಾಗ, ಕೊರತೆಯಿರುವುದು ಅದರ ಆಯುಷ್ಯದಲ್ಲಲ್ಲ, ನಮ್ಮ ಸಿದ್ಧತೆಯಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಸಿದ್ಧತೆಯೆಂದರೆ ಮೊದಲು ನೀರು. ಒಂದು ಲೀಟರ್ ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಇನ್ನೂರು ಲೀಟರ್ ತೊಟ್ಟಿಗೆ ಏಳು ಕಿಲೋ. ಅಡಿಗೆಮನೆಯ ಅಯೋಡಿನ್ ಬೆರೆತ ಉಪ್ಪು ಇಲ್ಲಿ ಸಲ್ಲದು. ಕ್ಯಾಲ್ಸಿಯಂ, ಮೆಗ್ನೀಸಿಯಮ್ ಮೊದಲಾದವುಗಳನ್ನೆಲ್ಲ ಪ್ರಮಾಣಬದ್ಧವಾಗಿ ಸೇರಿಸಿ ಮಾರುವ ಸಮುದ್ರ ಲವಣದ ಮಿಶ್ರಣವನ್ನೇ ಕೊಳ್ಳಬೇಕು. ನಮ್ಮ ಬೋರ್‌ವೆಲ್ಲುಗಳ ಗಡಸುನೀರಿನಲ್ಲಿ ಆ ಮಿಶ್ರಣವನ್ನು ಕರಗಿಸಿದರೆ ಪ್ರಮಾಣವೆಲ್ಲ ಕೆಡುವುದರಿಂದ ಆರ್‌ಓ ಯಂತ್ರದಿಂದ ಶೋಧಿಸಿದ ನೀರೇ ಬೇಕು. ಸಾಪೇಕ್ಷ ಸಾಂದ್ರತೆಯು 1.025ರ ಆಸುಪಾಸಿನಲ್ಲಿಯೂ ಉಷ್ಣತೆಯು 24ರಿಂದ 27 ಡಿಗ್ರಿಯೊಳಗೂ ನಿಂತಿರಬೇಕು. ಬೇಸಗೆಯಲ್ಲಿ ತೊಟ್ಟಿಯ ಮೇಲೆ ಬೀಸುವ ಸಣ್ಣ ಫ್ಯಾನೊಂದು ನೀರಿನ ಬಿಸಿಯನ್ನು ಎರಡು ಮೂರು ಡಿಗ್ರಿ ಇಳಿಸಬಲ್ಲುದು. ಆದರೆ ಆರಿಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ಕುಗ್ಗಿದ ಮಟ್ಟವನ್ನು ಪ್ರತಿದಿನವೂ ಸಿಹಿನೀರಿನಿಂದಲೇ ತುಂಬತಕ್ಕದ್ದು.

ಇಷ್ಟಾದರೂ ಅದು ಉಪ್ಪುನೀರಾಯಿತೇ ಹೊರತು ಸಮುದ್ರವಾಗಲಿಲ್ಲ. ಜೀವಿಗಳ ಮಲದಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾ ಘೋರವಾದ ವಿಷ. ಅದನ್ನು ನೈಟ್ರೈಟಾಗಿಯೂ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಎರಡು ಬಗೆಯ ಬ್ಯಾಕ್ಟೀರಿಯಾಗಳು ಕಲ್ಲು ಮರಳುಗಳ ಮೇಲೆ ನೆಲೆಯೂರುವುದಕ್ಕೆ ವಾರಗಳೇ ಹಿಡಿಯುತ್ತವೆ. ಕಡಲಹೂವಿಗೆ ಒಗ್ಗುವಂತೆ ತೊಟ್ಟಿ ಪಕ್ವವಾಗಬೇಕಾದರೆ ಆರು ತಿಂಗಳು ಕಾಯಬೇಕೆಂಬುದು ಅನುಭವಸ್ಥರ ಮಾತು. ಹಣವಿದ್ದವರಿಗೂ ಈ ಆರು ತಿಂಗಳನ್ನು ಅಂಗಡಿಯಲ್ಲಿ ಕೊಳ್ಳಲಾಗದು. ತೊಟ್ಟಿ, ದೀಪ, ಮೀನು, ಕಡಲಹೂ ಎಲ್ಲವನ್ನೂ ಒಂದೇ ದಿನ ಒಂದೇ ಗಾಡಿಯಲ್ಲಿ ಮನೆಗೆ ಕಳುಹಿಸುವ ವ್ಯಾಪಾರವನ್ನು ನಾನು ಕ್ರೌರ್ಯವೆಂದೇ ಬಗೆಯುತ್ತೇನೆ.

ನಮ್ಮ ಸೀಮೆಗೇ ವಿಶಿಷ್ಟವಾದ ಎರಡು ಅಪಾಯಗಳನ್ನು ಇಲ್ಲಿ ಹೇಳದಿರಲಾಗದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ವರ್ಜೀನಿಯಾ ಹೊಗೆಸೊಪ್ಪಿನ ತವರು. ಹೊಲದಲ್ಲಿ ಹಸಿ ಎಲೆ ಮುರಿದ ಕೈಗೂ, ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪನ್ನು ವಿಂಗಡಿಸಿದ ಕೈಗೂ ಅಂಟು ಹತ್ತುತ್ತದೆ. ಅದರಲ್ಲಿನ ನಿಕೋಟಿನ್ ನೀರಿನಲ್ಲಿ ಸುಲಭವಾಗಿ ಕರಗುವ ವಿಷ, ಒದ್ದೆ ಎಲೆಯಿಂದ ಚರ್ಮದ ಮೂಲಕವೇ ಇಳಿದು ಕೂಲಿಯಾಳುಗಳಿಗೆ ತಲೆಸುತ್ತು, ವಾಂತಿ ತರಿಸುವಂತಹುದು. ಹೊಗೆಸೊಪ್ಪಿನ ಕಷಾಯವನ್ನು ಕೀಟನಾಶಕವಾಗಿ ಸಿಂಪಡಿಸುವ ವಾಡಿಕೆ ಇದ್ದುದನ್ನು ಬಲ್ಲ ರೈತನಿಗೆ ಹೆಚ್ಚು ವಿವರಿಸಬೇಕಿಲ್ಲ: ಆ ಕೈಯನ್ನು ಮೊಣಕೈವರೆಗೆ ಸೋಪಿನಿಂದ ತೊಳೆದು, ಸೋಪಿನ ಅಂಶವೂ ಉಳಿಯದಂತೆ ಮತ್ತೆ ಮತ್ತೆ ನೀರಿನಲ್ಲಿ ಜಾಲಿಸಿಕೊಳ್ಳದೆ ತೊಟ್ಟಿಗೆ ಇಳಿಸಲಾಗದು. ಎರಡನೆಯದು ತಾಮ್ರ. ನಮ್ಮ ಹಿರಿಯರು ತಾಮ್ರದ ಬಿಂದಿಗೆಯ ನೀರನ್ನು ಪರಿಶುದ್ಧವೆಂದು ಕುಡಿದರು; ಆದರೆ ಮನುಷ್ಯನಿಗೆ ಹಿತವಾದ ಆ ಲೋಹದ ಲೇಶವೂ ಕಡಲಹೂವಿಗೆ ಪ್ರಾಣಾಂತಿಕ. ತೊಟ್ಟಿಯ ನೀರನ್ನು ತಾಮ್ರದ ಹಂಡೆಯಲ್ಲಿ ತುಂಬಿಡಬಾರದು. ಅಡಿಕೆ, ಕಾಫಿಗಳಿಗೆ ಬೋರ್ಡೋ ದ್ರಾವಣ ಬೆರೆಸಿದ ಬಕೆಟ್ಟನ್ನು ಬಳಸಬಾರದು. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಅಂಗಡಿಯಲ್ಲಿ ಕೊಡುವ ತಾಮ್ರಯುಕ್ತ ಔಷಧವನ್ನು ಕಡಲಹೂವಿರುವ ತೊಟ್ಟಿಗೆ ಹನಿಯಷ್ಟೂ ಹಾಕಬಾರದು.

ಕರೆಂಟು ಹೋಗುವುದು ಇನ್ನೊಂದು ಚಿಂತೆ. ಪಂಪು ನಿಂತ ನೀರಿನಲ್ಲಿ ಪ್ರಾಣವಾಯು ಬೇಗನೆ ಕುಗ್ಗುವುದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಸದಾ ಕೈಯಳತೆಯಲ್ಲಿರಬೇಕು. ಅದೂ ಇಲ್ಲದ ರಾತ್ರಿ ಆನ್ನಾ ಥಿನ್ನಳ ಮನೆಯ ಉಪಾಯವೇ ಗತಿ: ಒಂದು ಪ್ಲಾಸ್ಟಿಕ್ ಚೊಂಬಿನಲ್ಲಿ ತೊಟ್ಟಿಯ ನೀರನ್ನು ಮೊಗೆದು ಮೇಲಿನಿಂದ ಮೆಲ್ಲಗೆ ಸುರಿಯುತ್ತಿರುವುದು.

ಇನ್ನು ಕೊಳ್ಳುವ ಮಾತು. ಆರೋಗ್ಯವಂತ ಕಡಲಹೂವಿನ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ. ಕರಬಳ್ಳಿ ಸೋಂಕಿದ್ದನ್ನು ಹಿಡಿದುಕೊಳ್ಳುತ್ತದೆ. ಪಾದದಲ್ಲಿ ಹರುಕು ಇರುವುದಿಲ್ಲ. ಬೆಳ್ಳಗೆ ಹೊಳೆಯುವುದನ್ನು ಅಂದವೆಂದು ಆರಿಸುವವರು ಬಹಳ. ಆ ಬಿಳುಪು ಶೈವಲಗಳನ್ನು ಕಳೆದುಕೊಂಡ ಜೀವಿಯ ಉಪವಾಸದ ಬಣ್ಣ. ಕಣ್ಣು ಕುಕ್ಕುವ ಹಳದಿಯಾದರೆ ಬಣ್ಣದಲ್ಲಿ ಅದ್ದಿದ್ದಿರಬಹುದು. ಮೊದಲ ಬಾರಿ ಸಾಕುವವರಿಗೆ ಕರಬಳ್ಳಿಯ ತುದಿ ಗುಳ್ಳೆಯಂತೆ ಉಬ್ಬುವ ಬಬಲ್ ಟಿಪ್ ಎಂಬ ಜಾತಿಯೇ ತಕ್ಕುದು. ಮನೆಗೆ ತಂದೊಡನೆ ಚೀಲವನ್ನು ತೊಟ್ಟಿಯೊಳಕ್ಕೆ ಬಗ್ಗಿಸಬಾರದು. ಗಾಳಿಯ ಸಣ್ಣ ಕೊಳವೆಗೆ ಗಂಟು ಹಾಕಿ, ತೊಟ್ಟಿಯ ನೀರು ಹನಿಹನಿಯಾಗಿ ಚೀಲದ ನೀರಿಗೆ ಬೆರೆಯುವಂತೆ ಒಂದೆರಡು ಗಂಟೆ ಬಿಟ್ಟು, ಅನಂತರ ಜೀವಿಯನ್ನು ಮಾತ್ರ ಕೈಯಲ್ಲೆತ್ತಿ, ಪಾದವು ಕಲ್ಲಿನ ಸಂದಿನ ಕಡೆ ಬರುವಂತೆ ಇರಿಸಬೇಕು. ದೀಪವನ್ನು ಮೊದಲ ದಿನಗಳಲ್ಲಿ ಮಂದವಾಗಿಡಬೇಕು. ಪಂಪುಗಳ ಬಾಯಿಗೆ ಸ್ಪಂಜು ಕಟ್ಟಿರಬೇಕು.

ಮೊದಲ ರಾತ್ರಿಯ ನೋಟ ಹೊಸಬರನ್ನು ಗಾಬರಿಗೊಳಿಸುವಂತಹುದು. ಸಂಜೆ ಅಗಲವಾಗಿ ಅರಳಿದ್ದು ನಡುರಾತ್ರಿಯ ಹೊತ್ತಿಗೆ ಹಿಂಡಿದ ಒದ್ದೆಬಟ್ಟೆಯಂತೆ ಮುದುಡಿ, ಬಾಯಿಂದ ಕಂದುಬಣ್ಣದ ಲೋಳೆಯನ್ನು ಹೊರಹಾಕುತ್ತದೆ. ಒಳಗಿನ ಹಳೆಯ ನೀರನ್ನೂ ಕಸವನ್ನೂ ಚೆಲ್ಲಿ ಹೊಸ ನೀರನ್ನು ತುಂಬಿಕೊಳ್ಳುವ ರೀತಿ ಅದು. ಬೆಳಗಾಗುವಷ್ಟರಲ್ಲಿ ಪಾದವನ್ನು ಸಡಿಲಿಸಿ, ಕಲ್ಲಿನ ಮೈಯ ಮೇಲೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜರುಗಿ, ಇನ್ನೊಂದು ಮೂಲೆಯನ್ನು ಸೇರಿರಲೂಬಹುದು. ಬೆಳಕೂ ಪ್ರವಾಹವೂ ತನಗೆ ಹಿತವಾದ ತಾಣವನ್ನು ಅದೇ ಹುಡುಕಿಕೊಳ್ಳುತ್ತದೆ. ನಾವು ಚಂದವೆಂದು ಬಗೆದ ಜಾಗಕ್ಕೆ ಎಳೆದು ತರಹೊರಟರೆ ಪಾದ ಹರಿದು ಜೀವಕ್ಕೇ ಕುತ್ತು. ದಿನಗಟ್ಟಲೆ ಬಾಯಿ ಬಿಟ್ಟುಕೊಂಡು, ಮೈ ಕೊಳೆತು ದುರ್ನಾತ ಬಂದರೆ ಮಾತ್ರ ಅದು ಸತ್ತಿತೆಂದು ತಿಳಿದು, ನೀರೆಲ್ಲ ಕೆಡುವ ಮೊದಲೇ ತೆಗೆಯಬೇಕು.

ಒಂದು ವಾರ ಕಳೆದು ನೆಲೆಯೂರಿದ ಬಳಿಕ, ಬಾಯಿಗಿಂತ ಚಿಕ್ಕದಾದ ಹಸಿ ಸಿಗಡಿಯ ಚೂರೊಂದನ್ನು ಇಕ್ಕಳದಿಂದ ಕರಬಳ್ಳಿಗೆ ಮುಟ್ಟಿಸಬಹುದು. ವಾರಕ್ಕೊಮ್ಮೆ ಇಷ್ಟು ಸಾಕು, ಮಿಕ್ಕ ಅನ್ನವನ್ನು ಬೆಳಕೇ ಒದಗಿಸುತ್ತದೆ. ಕ್ಲೌನ್ ಮೀನನ್ನು ತರುವ ಆತುರ ಬೇಡ. ಗಾಯಗೊಂಡ ಹೊಸ ಕಡಲಹೂವನ್ನು ಅದು ತನ್ನ ಉಜ್ಜಾಟದಿಂದಲೇ ಬಳಲಿಸುವುದುಂಟು.

ಮೀನನ್ನಾದರೂ ಈಗ ಮೊಟ್ಟೆಯಿಂದ ಬೆಳೆಸಬಹುದು; ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರದ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ಬಂಧನದಲ್ಲಿ ಮರಿಮಾಡಿಸಿದ್ದಾರೆ. ಮಾರಾಟಕ್ಕೆ ಬರುವ ಕಡಲಹೂಗಳಾದರೋ ಬಹುಮಟ್ಟಿಗೆ ಕಡಲಿನಿಂದ ಕಿತ್ತವೇ. ಹವಳಗಳನ್ನು 2001ರಿಂದ ನಮ್ಮ ವನ್ಯಜೀವಿ ಕಾನೂನು ರಕ್ಷಿಸುತ್ತಿದೆಯಾದುದರಿಂದ, ತೊಟ್ಟಿಯ ಅಲಂಕಾರಕ್ಕೆ ಹವಳದ ಕಲ್ಲನ್ನು ಕೇಳಲೇಬಾರದು. ಬಿಸಿಯೇರಿದ ಕಡಲಿನಲ್ಲಿ 1998ರಲ್ಲಿಯೂ 2016ರಲ್ಲಿಯೂ ಹವಳಗಳು ಬಿಳುಚಿಕೊಂಡಾಗ, ಆಶ್ರಯವೀಯುವ ಕಡಲಹೂಗಳಿಗೂ ಅದೇ ಗತಿ ಬಂದಿತ್ತು. ಆದುದರಿಂದ ಸಾಧ್ಯವಾದಷ್ಟು ಮಟ್ಟಿಗೆ ಇನ್ನೊಬ್ಬ ಸಾಕಣೆಗಾರನ ತೊಟ್ಟಿಯಲ್ಲಿ ಹುಟ್ಟಿದ್ದನ್ನೇ ಬೇಡಿ ತರಬೇಕೆಂಬುದು ನನ್ನ ಆಗ್ರಹ. ಅದು ಅಸಾಧ್ಯವೇನಲ್ಲ: ಬಬಲ್ ಟಿಪ್ ಜಾತಿಯು ಚೆನ್ನಾಗಿ ಬೆಳೆದ ಮೇಲೆ ತಾನಾಗಿ ಎರಡಾಗಿ ಸೀಳಿಕೊಂಡು, ಪ್ರತಿಯೊಂದು ಹೋಳೂ ಗಾಯ ಮಾಗಿಸಿಕೊಂಡು ಪೂರ್ಣ ಜೀವಿಯಾಗುತ್ತದೆ. ಹೀಗೆ ಕೃಷ್ಣರಾಜನಗರದ ಒಂದು ತೊಟ್ಟಿಯಿಂದ ಹೆಗ್ಗಡದೇವನಕೋಟೆಯ ಇನ್ನೊಂದು ಮನೆಗೆ ಕಡಲಹೂ ಸಾಗಬಹುದು. ಸೀಳು ಮಾಗಿ ಮರಿ ಆಹಾರ ಹಿಡಿಯತೊಡಗಿದ ಮೇಲೆ, ಅದು ಕುಳಿತ ಕಲ್ಲಿನ ಸಮೇತ ಎತ್ತಿ, ದಪ್ಪ ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದಷ್ಟು ಗಾಳಿ ತುಂಬಿ, ಇನ್ನೊಂದು ಚೀಲವನ್ನು ಹೊರಗೆ ತೊಡಿಸಿ ಬಿಗಿದು, ಬಿಸಿಲೇರುವ ಮೊದಲು ಹೊರಡುವ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದರಾಯಿತು. ಹೋಗುವ ಮುಂಚೆ ಎರಡೂ ತೊಟ್ಟಿಗಳ ಉಪ್ಪಿನಂಶವನ್ನು ಅಳೆದು ಬರೆದಿಟ್ಟುಕೊಂಡಿರಬೇಕು.