ಶಾಲೆಯ ಗಂಟೆಯೂ ಮಗುವಿನ ಹಸಿವೂ

ಹಿಂದೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಊಟದ ಹೊತ್ತನ್ನು ಹೊಲದ ಕೆಲಸ ನಿರ್ಧರಿಸುತ್ತಿತ್ತು. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದು, ಹೊತ್ತೇರಿದ ಮೇಲೆ ಹೊಲಕ್ಕೆ ಬುತ್ತಿ, ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕೂಡಿ ಊಟ. ಮಕ್ಕಳು ಊರ ಶಾಲೆಯಿಂದ ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು, ಉಂಡು, ಮತ್ತೆ ಓಡುತ್ತಿದ್ದರು. ಇಂದು ಆ ಕ್ರಮ ಬಹುಪಾಲು ಮನೆಗಳಲ್ಲಿ ಉಳಿದಿಲ್ಲ. ಶಾಲೆಯ ವಾಹನ ಏಳು ಗಂಟೆಗೂ ಮೊದಲೇ ಓಣಿಯ ತಿರುವಿನಲ್ಲಿ ನಿಲ್ಲುತ್ತದೆ. ಮಗು ಮನೆಗೆ ಮರಳುವಾಗ ಸಂಜೆ ಐದಾಗುತ್ತದೆ, ಆರಕ್ಕೆ ಮನೆಪಾಠ. ಶನಿವಾರ ಒಂದು ವೇಳೆ, ಬೇಸಿಗೆಯಲ್ಲಿ ಇನ್ನೊಂದು ವೇಳೆ. ಶಾಲೆಯ ಗಡಿಯಾರ ಹೀಗೆ ಬದಲಾದರೂ ನಮ್ಮ ಅಡುಗೆಮನೆಯ ಗಡಿಯಾರ ಮಾತ್ರ ಹಳೆಯ ವೇಳೆಯನ್ನೇ ತೋರಿಸುತ್ತಿದೆ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಮಗುವಿನ ಹಸಿವು.

ಈ ಮಾತನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆಯ ತಪ್ಪಿನಿಂದಲೇ ಕಲಿತೆವು. ವಿಜಯಪುರ ಜಿಲ್ಲೆಯ ನಮ್ಮ ಊರಿನಲ್ಲಿ ಕಿರಿಯ ಮಗಳು ಏಳನೆಯ ತರಗತಿಯಲ್ಲಿದ್ದಾಗ, ಒಂದು ದಿನ ಹಿತ್ತಲ ಬೇಲಿಯ ಬುಡದಲ್ಲಿ ಕಾಗದ ಸುತ್ತಿದ ಎರಡು ರೊಟ್ಟಿಗಳು ಕಂಡವು. ಅನ್ನವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುವ ಮನೆಯಲ್ಲಿ ಇದೆಂಥ ಕೆಲಸವೆಂದು ಗದರಿಸಿದೆವು. ಆಕೆ ಅಳುತ್ತಲೇ ಹೇಳಿದಳು: “ಅವ್ವಾ, ಗಂಟಿ ಹೊಡೆದ ಮ್ಯಾಲೆ ಕೈ ತೊಳ್ಕೊಳ್ಳಾಕ ಸಾಲು ನಿಲ್ಲಬೇಕು. ಅರ್ಧ ಹೊತ್ತು ಅಲ್ಲೇ ಹೋಗ್ತದ. ಅಷ್ಟೊತ್ತಿಗೆ ರೊಟ್ಟಿ ಬಿರುಸಾಗಿರ್ತದ. ಒಂದು ತಿನ್ನೂದ್ರಾಗ ಮತ್ತ ಗಂಟಿ ಹೊಡೀತದ.”

ಊಟದ ಬಿಡುವು ಕೇವಲ ಇಪ್ಪತ್ತು ನಿಮಿಷವೆಂಬುದನ್ನು ನಾವು ಅಂದೇ ಮೊದಲು ತಿಳಿದದ್ದು. ಮುಂಜಾನೆ ಒಂದು ಕಪ್ಪು ಚಹಾ, ಎರಡು ಟೋಸ್ಟು. ಮಧ್ಯಾಹ್ನ ಅರ್ಧ ರೊಟ್ಟಿ. ಸಂಜೆ ಅಂಗಡಿಯ ಪೊಟ್ಟಣದ ಕುರುಕಲು. ರಾತ್ರಿ ಹತ್ತಕ್ಕೆ ನಿದ್ದೆಗಣ್ಣಿನಲ್ಲಿ ಊಟ. ಇದೇ ಆಕೆಯ ದಿನಚರಿಯಾಗಿತ್ತು. ಮೂರನೆಯ ಅವಧಿಯಲ್ಲಿ ತೂಕಡಿಸುತ್ತಾಳೆಂದು ಶಿಕ್ಷಕಿ ದೂರಿದ್ದನ್ನು ಸೋಮಾರಿತನವೆಂದು ಬಗೆದಿದ್ದೆವು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2 ಗ್ರಾಂ ಇತ್ತು. ಆ ವಯಸ್ಸಿಗೆ ಕನಿಷ್ಠ 12 ಇರಬೇಕು. ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ.

ಬೆಳಗಿನ ಹಸಿವು ರಾತ್ರಿಯೇ ನಿರ್ಧಾರವಾಗುತ್ತದೆ

“ನಮ್ಮ ಮಗು ಮುಂಜಾನೆ ಏನೂ ತಿನ್ನುವುದಿಲ್ಲ” ಎಂಬುದು ಅನೇಕ ತಾಯಂದಿರ ಅಳಲು. ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಉಂಡು ಮಲಗಿದ ಮಗುವಿಗೆ ಬೆಳಿಗ್ಗೆ ಆರಕ್ಕೆ ಹಸಿವಾಗುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಯಜಮಾನರು ಅಂಗಡಿ ಮುಚ್ಚಿ ಬಂದ ಮೇಲೆಯೇ ಎಲ್ಲರ ಊಟವಾಗುತ್ತಿತ್ತು. ಕೂಡಿ ಉಣ್ಣುವುದು ಒಳ್ಳೆಯ ರೂಢಿಯೇ ಹೌದು. ಆದರೆ ಅದಕ್ಕಾಗಿ ಮಗು ಎರಡು ತಾಸು ಕಾಯಬೇಕೆಂಬುದು ನ್ಯಾಯವಲ್ಲ. ಮಕ್ಕಳ ರಾತ್ರಿಯ ಊಟವನ್ನು ಎಂಟಕ್ಕೆ ತಂದೆವು. ಎರಡು ವಾರಗಳಲ್ಲಿ ಬೆಳಗಿನ ಹಸಿವು ತಾನಾಗಿಯೇ ಮರಳಿತು. ಎಲ್ಲರೂ ಕೂಡಿ ಉಣ್ಣುವ ರೂಢಿಯನ್ನು ಭಾನುವಾರಕ್ಕೆ ಇಟ್ಟುಕೊಂಡೆವು.

ಎರಡನೆಯ ಬದಲಾವಣೆ, ಚಹಾವನ್ನು ಬಿಡಿಸಿದ್ದು. ಊಟದ ಜೊತೆಗೆ ಕುಡಿದ ಚಹಾ ಆಹಾರದಲ್ಲಿನ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆ, ಪೇರಲ, ನೆಲ್ಲಿಗಳಲ್ಲಿನ ‘ಸಿ’ ಜೀವಸತ್ವ ಹೀರಿಕೊಳ್ಳಲು ನೆರವಾಗುತ್ತದೆ. ಅವಲಕ್ಕಿಗೆ ಹಿಂಡಿದ ಅರ್ಧ ನಿಂಬೆಹಣ್ಣು ರುಚಿಗಷ್ಟೇ ಅಲ್ಲ ಎಂಬುದನ್ನು ನೆನಪಿಡಬೇಕು.

ಹದಿನೈದು ನಿಮಿಷದ ಉಪಾಹಾರ

ಮುಂಜಾನೆಯ ಹದಿನೈದು ನಿಮಿಷಗಳಲ್ಲಿ ಮಾಡಬಹುದಾದ ತಿನಿಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಗ್ಗರಣೆಗೆ ಹಾಕಿ, ಪುಠಾಣಿ ಹಿಟ್ಟು ಉದುರಿಸಿದರೆ ಸುಸಲಾ ಸಿದ್ಧ. ಶೇಂಗಾ ಹಾಕಿದ ಅವಲಕ್ಕಿಯೂ ಅಷ್ಟೇ ಸುಲಭ. ಥಾಲಿಪೆಟ್ಟಿನ ಹಿಟ್ಟುಗಳನ್ನು ರಾತ್ರಿಯೇ ಬೆರೆಸಿಟ್ಟು, ಬೆಳಿಗ್ಗೆ ಉಳ್ಳಾಗಡ್ಡಿ, ಮೆಂತ್ಯಸೊಪ್ಪು ಹೆಚ್ಚಿ ಹಾಕಿ ಕಲಸಿದರೆ ತಟ್ಟುವುದಷ್ಟೇ ಕೆಲಸ. ಅದೂ ಆಗದ ದಿನ ಒಂದು ಲೋಟ ರಾಗಿಗಂಜಿ, ಒಂದು ಬಾಳೆಹಣ್ಣು, ಒಂದು ಶೇಂಗಾ ಉಂಡೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ. ಅಂಗಡಿಯ ಬಣ್ಣದ ಡಬ್ಬಿಯ ಪುಡಿಗೆ ನೂರಾರು ರೂಪಾಯಿ ಸುರಿಯುವ ಮೊದಲು ಮನೆಯ ಈ ಎರಡು ಡಬ್ಬಿಗಳ ಕಡೆಗೆ ನೋಡುವುದು ಲೇಸು.

ಬಿಡುವಿಗೆ ತಕ್ಕ ಬುತ್ತಿ

ನಾವು ಮಾಡುತ್ತಿದ್ದ ದೊಡ್ಡ ತಪ್ಪೆಂದರೆ ದಿನದ ಮುಖ್ಯ ಊಟವನ್ನು ಬುತ್ತಿಯೊಳಗೆ ತುಂಬಿ ಕಳಿಸುತ್ತಿದ್ದುದು. ಇಪ್ಪತ್ತು ನಿಮಿಷದಲ್ಲಿ ಉಂಡು ಮುಗಿಯುವಷ್ಟೇ ಬುತ್ತಿಯಲ್ಲಿರಬೇಕು. ಉಳಿದದ್ದನ್ನು ಮುಂಜಾನೆಗೂ ಸಂಜೆಗೂ ಹಂಚಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕು. 10ರಿಂದ 12 ವರ್ಷದ ಹುಡುಗಿಗೆ ಸುಮಾರು 2,060, ಹುಡುಗನಿಗೆ 2,220. ಇದನ್ನು ತಕ್ಕಡಿ ಹಿಡಿದು ತೂಗಬೇಕಾಗಿಲ್ಲ. ದಿನದ ಆಹಾರವನ್ನು ಐದು ಪಾಲು ಮಾಡಿ ಬುತ್ತಿಗೆ ಒಂದೇ ಪಾಲು ಇಟ್ಟರೆ ಸಾಕು.

ಗಟ್ಟಿಯಾಗುವ ರೊಟ್ಟಿಗೆ ಉಪಾಯವನ್ನು ನಮ್ಮ ಅತ್ತೆಯವರೇ ಹೇಳಿದರು. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಜೀರಿಗೆ, ಉಪ್ಪು, ತುಪ್ಪದೊಂದಿಗೆ ಕುಟ್ಟಿ ಮುಷ್ಟಿಯಲ್ಲಿ ಒತ್ತಿದ ಮುಟಗಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಪಲ್ಯ ಬೇಡ, ಪುಸ್ತಕಕ್ಕೆ ಎಣ್ಣೆ ತಾಗುವ ಭಯವಿಲ್ಲ. ಉಳಿದ ದಿನಗಳಲ್ಲಿ ತುಪ್ಪ, ಶೇಂಗಾ ಹಿಂಡಿ ಸವರಿದ ಚಪಾತಿಯ ಸುರುಳಿ, ಮೊಳಕೆ ಬಂದ ಹೆಸರುಕಾಳಿನ ಉಸುಳಿ, ಮೊಸರನ್ನ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿದರೆ ಮಧ್ಯಾಹ್ನಕ್ಕೆ ಹುಳಿಯಾಗದೆ ಹದವಾಗಿರುತ್ತದೆ. ಹಸಿ ಕೊಬ್ಬರಿಯ ಚಟ್ನಿ ಸೆಕೆಯಲ್ಲಿ ಬೇಗ ಕೆಡುವುದರಿಂದ ಬೇಡ. ಯಾವ ಅಡುಗೆಯಾದರೂ ಆವಿ ಆರಿದ ಮೇಲೆಯೇ ಮುಚ್ಚಳ ಹಾಕಬೇಕು. ಹತ್ತು ಗಂಟೆಯ ಚಿಕ್ಕ ಬಿಡುವಿಗೆ ಬೇರೆಯೇ ಪುಟ್ಟ ಡಬ್ಬಿಯಲ್ಲಿ ಪುಠಾಣಿ, ಬೆಲ್ಲ ಅಥವಾ ಹೆಚ್ಚಿದ ಪೇರಲ ಇಟ್ಟರೆ ಮೂರನೆಯ ಅವಧಿಯ ತೂಕಡಿಕೆ ತಪ್ಪುತ್ತದೆ.

ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ಮರಳಿ ಬಂದರೆ ಮಗಳನ್ನು ಗದರಿಸದೆ ಕಾರಣ ಕೇಳಿರಿ. ಶಾಲೆಯ ಶೌಚಾಲಯಕ್ಕೆ ಹೋಗಲಾರದೆ ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಅನೇಕರಿದ್ದಾರೆ. ಇದನ್ನು ಪಾಲಕರ ಸಭೆಯಲ್ಲಿ ಸಂಕೋಚವಿಲ್ಲದೆ ಎತ್ತಬೇಕಾದವರು ನಾವೇ.

ಸಂಜೆ ಐದರ ಊಟ

ಶಾಲೆಯಿಂದ ಬಂದ ಮಗುವಿಗೆ ನಿಜವಾದ ಹಸಿವಿರುತ್ತದೆ. ಆ ಹೊತ್ತಿನಲ್ಲಿ ಬಿಸ್ಕೀಟು ಕೊಟ್ಟು ಮನೆಪಾಠಕ್ಕೆ ಅಟ್ಟಿದರೆ ದಿನದ ಅತ್ಯಂತ ಒಳ್ಳೆಯ ಹಸಿವನ್ನು ಹಾಳುಮಾಡಿದಂತೆ. ಈಗ ನಮ್ಮ ಮನೆಯಲ್ಲಿ ಮಕ್ಕಳ ದೊಡ್ಡ ಊಟ ಸಂಜೆ ಐದಕ್ಕೇ. ಬಿಸಿ ರೊಟ್ಟಿ, ಮಡಕಿಕಾಳು ಇಲ್ಲವೆ ಜುಣಕ, ಮೆಂತ್ಯ ಅಥವಾ ಪುಂಡಿಪಲ್ಯ, ಗುರೆಳ್ಳಿನ ಹಿಂಡಿ, ಮೊಸರು. ರಾತ್ರಿ ಎಂಟಕ್ಕೆ ಹಗುರವಾಗಿ ಅನ್ನ, ಬೇಳೆಸಾರು. ಮಲಗುವ ಮುನ್ನ ಹಾಲು. ಮಧ್ಯಾಹ್ನ ಮಾಡುತ್ತಿದ್ದ ಪಲ್ಯವನ್ನು ನಾಲ್ಕೂವರೆಗೆ ಮಾಡುವುದರಿಂದ ಕೆಲಸ ಹೆಚ್ಚಲಿಲ್ಲ, ಹೊತ್ತು ಬದಲಾಯಿತು ಅಷ್ಟೇ.

ಶನಿವಾರವೂ ಬೇಸಿಗೆಯೂ

ಶನಿವಾರ ಬೆಳಗಿನ ಶಾಲೆಯೆಂದರೆ ಬೇಗ ಬಿಡುತ್ತದೆಂಬ ಧೈರ್ಯದಿಂದ ಮಗುವನ್ನು ಬರಿ ಹೊಟ್ಟೆಯಲ್ಲಿ ಕಳಿಸುವವರುಂಟು. ಮಧ್ಯಾಹ್ನದವರೆಗೆ ಮಗು ರಾತ್ರಿಯ ಊಟದ ಮೇಲೆಯೇ ಇರಬೇಕಾಗುತ್ತದೆ. ಅಂದು ಬುತ್ತಿ ಬೇಡವಾದರೂ ಉಪಾಹಾರ ಬೇಕೇ ಬೇಕು.

ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಬಿಸಿಲೇರಿದಂತೆ ಶಾಲೆ ಮುಂಜಾನೆಗೆ ಸರಿಯುತ್ತದೆ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ನಡೆದು ಬಂದ ಮಗುವಿನ ಮುಂದೆ ಬಂದೊಡನೆ ತಾಟು ಇಟ್ಟರೆ ಅದು ಮುಖ ತಿರುಗಿಸುವುದು ಸಹಜ. ಮೊದಲು ಉಪ್ಪು ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ; ಅರ್ಧ ತಾಸಿನ ನೆರಳು; ಅನಂತರ ಜೋಳದ ನುಚ್ಚು, ಮಜ್ಜಿಗೆ, ಸವತಿಕಾಯಿಯ ಕೋಸಂಬರಿ. ರೊಟ್ಟಿಯೂಟವನ್ನು ತಂಪು ಹೊತ್ತಿಗೆ ಇಡಬಹುದು.

ಶಾಲೆಯಲ್ಲಿ ಉಣ್ಣುವ ಮಕ್ಕಳು

ಸರ್ಕಾರಿ ಹಾಗೂ ಅನುದಾನಿತ ಶಾಲೆಯ ಮಕ್ಕಳಿಗೆ ಅಕ್ಷರ ದಾಸೋಹದ ಬಿಸಿಯೂಟವಿದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾದ ಈ ಯೋಜನೆ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೂ ಸೇರಿತು. ಆದರೆ ಮಧ್ಯಾಹ್ನದ ಊಟಕ್ಕೆ ಗೊತ್ತುಪಡಿಸಿದ ಪ್ರಮಾಣ ಕಿರಿಯ ಪ್ರಾಥಮಿಕಕ್ಕೆ 450, ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ ಮಾತ್ರ. ಎಂದರೆ ದಿನದ ಅಗತ್ಯದ ಮೂರನೆಯ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. “ಶಾಲೆಯಾಗ ಉಣ್ತಾನ” ಎಂದು ಮುಂಜಾನೆಯ ಉಪಾಹಾರವನ್ನು ಕೈಬಿಡುವುದು ಸರಿಯಲ್ಲ. ಆರನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟದ ನಂತರವೇ ನುಂಗಬೇಕು. ಬರಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ ಮಗು ಮರುವಾರ ಮಾತ್ರೆಯನ್ನು ಎಸೆಯುತ್ತದೆ.

ತಾಯಿಯೊಬ್ಬಳ ಭಾರವೇ?

ಇಷ್ಟೆಲ್ಲವನ್ನೂ ಓದಿದ ತಾಯಿ “ಇದನ್ನೆಲ್ಲ ಮಾಡುವವರು ಯಾರು?” ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಸಭೆಗಳಲ್ಲಿ ಹೇಳುವ ನಾವು ಅಡುಗೆಮನೆಯ ಹೊಸ್ತಿಲಲ್ಲಿ ಆ ಮಾತನ್ನು ಮರೆಯಬಾರದು. ನಮ್ಮಲ್ಲಿ ಭಾನುವಾರ ಅತ್ತೆಯವರು ಶೇಂಗಾ ಹುರಿದು ಉಂಡೆ ಕಟ್ಟುತ್ತಾರೆ. ಯಜಮಾನರು ರಾತ್ರಿ ಕಾಳು ನೆನೆಹಾಕಿ ಮುಂಜಾನೆ ಬುತ್ತಿ ತುಂಬುತ್ತಾರೆ. ಮಗಳು ತನ್ನ ಡಬ್ಬಿ ತಾನೇ ತೊಳೆಯುತ್ತಾಳೆ.

ವೈದ್ಯರು ಕೊಟ್ಟ ಮಾತ್ರೆಗಳೂ ಬದಲಾದ ಊಟದ ಹೊತ್ತೂ ಸೇರಿ ನಾಲ್ಕು ತಿಂಗಳಲ್ಲಿ ಆಕೆಯ ಹಿಮೋಗ್ಲೋಬಿನ್ 11.6ಕ್ಕೆ ಏರಿತು. ಇನ್ನೂ ಏರಬೇಕಾಗಿದೆ. ಬೇಲಿಯ ಬುಡದಲ್ಲಿ ರೊಟ್ಟಿ ಮತ್ತೆ ಕಾಣಲಿಲ್ಲ.

ಓದುಗ ಬಂಧುಗಳಲ್ಲಿ ನಮ್ಮದೊಂದೇ ಬಿನ್ನಹ. ಇಂದು ಸಂಜೆ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು ಮೂರು ಮಾತು ಕೇಳಿರಿ: ಊಟಕ್ಕೆ ನಿನಗೆ ಎಷ್ಟು ನಿಮಿಷ ಸಿಗುತ್ತದೆ? ಯಾವ ಅವಧಿಯಲ್ಲಿ ಹಸಿವಾಗುತ್ತದೆ? ಬುತ್ತಿಯಲ್ಲಿ ಏನು ಉಳಿಯುತ್ತದೆ, ಏಕೆ? ಉತ್ತರ ಕೇಳುವಾಗ ಗದರಿಸಬೇಡಿರಿ.