ಬಿಸಿ ಕಂಡಿತು, ಹಂದಿ ಕಂಡಿತೇ?

ಟೆಕ್ಸಾಸ್‌ನ ಮೆಕ್ಕೆಜೋಳದ ಹೊಲಕ್ಕೆ ಬಿತ್ತನೆ ಮುಗಿದ ರಾತ್ರಿಯೇ ಹಂದಿಗಳು ಇಳಿಯುವುದುಂಟು. ಅಡ್ಡಾದಿಡ್ಡಿ ಓಡಾಡುವುದಿಲ್ಲ, ಸಾಲು ಹಿಡಿದು ಬರುತ್ತವೆ. ಮೂತಿಯಿಂದ ಮಣ್ಣು ಒತ್ತರಿಸಿ ಒಂದು ಬೀಜ ತಿನ್ನುವುದು, ಎರಡು ಹೆಜ್ಜೆ ಇಡುವುದು, ಮತ್ತೊಂದು ಬೀಜ. ಬೆಳಿಗ್ಗೆ ರೈತ ಬಂದರೆ ಸಾಲಿನುದ್ದಕ್ಕೂ ಅಳತೆ ಇಟ್ಟು ತೋಡಿದ ಹಾಗೆ ಗುಂಡಿಗಳು. ಮತ್ತೆ ಬಿತ್ತಬೇಕು, ಅದೂ ಹದ ತಪ್ಪಿದ ಮೇಲೆ.

ಇವು ಆ ನೆಲದ ಮೂಲ ಪ್ರಾಣಿಗಳಲ್ಲ. ಹದಿನಾರನೇ ಶತಮಾನದಲ್ಲಿ ಸ್ಪೇನ್‌ನವರು ಅಮೆರಿಕಕ್ಕೆ ತಂದ ಸಾಕುಹಂದಿಗಳು ತಪ್ಪಿಸಿಕೊಂಡು ಕಾಡು ಬಿದ್ದವು. 1930ರ ದಶಕದಲ್ಲಿ ಶಿಕಾರಿಯ ಖಯಾಲಿಗೆಂದು ತರಿಸಿದ ಯುರೋಪಿನ ಕಾಡುಹಂದಿಗಳೂ ಅವುಗಳ ಜೊತೆ ಬೆರೆತವು. ಈಗ ಆ ಒಂದೇ ರಾಜ್ಯದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಇವೆ ಎಂಬ ಅಂದಾಜಿದೆ. ವರ್ಷ ತುಂಬುವ ಮೊದಲೇ ಮರಿ ಹಾಕಬಲ್ಲ ಪ್ರಾಣಿಯ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್ ಸರ್ಕಾರ, ಖಾಸಗಿ ಜಮೀನಿನಲ್ಲಿ ಮಾಲೀಕನ ಒಪ್ಪಿಗೆ ಇದ್ದರೆ ಹಂದಿ ಹೊಡೆಯಲು ಬೇಟೆಯ ಲೈಸೆನ್ಸೇ ಬೇಡ ಎಂದಿದೆ. ರಾತ್ರಿಯೂ ಹೊಡೆಯಬಹುದು. ಹಗಲು ಈಡಿನ ಸದ್ದು ಕೇಳಿ ಕೇಳಿ ಹಂದಿಗಳು ರಾತ್ರಿ ಸಂಚಾರಕ್ಕೆ ಹೊಂದಿಕೊಂಡಿವೆ. ಕೋವಿಯ ಮೇಲೆ ಕೂರಿಸಿ ಕತ್ತಲಲ್ಲಿ ಮೈಬಿಸಿಯನ್ನು ನೋಡುವ ಥರ್ಮಲ್ ಸ್ಕೋಪ್ ಅಲ್ಲಿ ಇಷ್ಟು ಬಿಕರಿಯಾಗಲು ಕಾರಣ ಇದೇ.

ಬೆಳಕಿನ ಪಟ್ಟಿಯಲ್ಲಿ ಕೆಂಪಿನಾಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟು, ಅಲ್ಲೂ ಬಿಸಿ ಇದೆ ಎಂದು 1800ರಲ್ಲಿ ತೋರಿಸಿದವನು ವಿಲಿಯಂ ಹರ್ಷೆಲ್. ಮೈಬಿಸಿ ಇರುವ ಪ್ರಾಣಿಗಳೆಲ್ಲ ಹೊರಸೂಸುವ ಆ ಅತಿಗೆಂಪು ಕಿರಣಗಳನ್ನೇ ಥರ್ಮಲ್ ಸ್ಕೋಪ್ ಚಿತ್ರ ಮಾಡುತ್ತದೆ. ಅದಕ್ಕೆ ನಕ್ಷತ್ರದ ಬೆಳಕೂ ಬೇಡ, ಟಾರ್ಚೂ ಬೇಡ. ಹಳೆಯ ಹಸಿರು ಬಣ್ಣದ ನೈಟ್ ವಿಷನ್ ಬೇರೆ ಜಾತಿಯದು, ಇರುವ ಚೂರು ಬೆಳಕನ್ನು ಹಿಗ್ಗಿಸುವುದಷ್ಟೇ ಅದರ ಕೆಲಸ. ಮೈಬಿಸಿಯ ಕಿರಣಗಳನ್ನು ಮಾಮೂಲಿ ಗಾಜು ತಡೆದುಬಿಡುತ್ತದೆ. ಹಾಗಾಗಿ ಥರ್ಮಲ್ ಲೆನ್ಸನ್ನು ಜರ್ಮೇನಿಯಂನಿಂದ ಮಾಡುತ್ತಾರೆ, ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಕಾರಿನ ಕಿಟಕಿ ಏರಿಸಿ ಕುಳಿತು ಥರ್ಮಲ್ ಹಿಡಿದವನಿಗೆ ಹಂದಿ ಕಾಣುವುದಿಲ್ಲ, ಗಾಜಿನ ಬಿಸಿಯಷ್ಟೇ ಕಾಣುತ್ತದೆ. ಸ್ಕೋಪಿನ ಒಳಗಿನ ಸೆನ್ಸರ್ ಅಮೆರಿಕದ ಸೇನೆಯ ದುಡ್ಡಿನಲ್ಲಿ ಹನಿವೆಲ್ ಕಂಪನಿ ಬೆಳೆಸಿದ ತಂತ್ರಜ್ಞಾನ. 1992ರಲ್ಲಿ ಗೌಪ್ಯತೆಯ ಮುದ್ರೆ ತೆಗೆದ ಮೇಲೆ ಮೆಲ್ಲಗೆ ಅಂಗಡಿಗೆ ಬಂತು.

ಈಗ ಅಂಗಡಿಯ ವಿಷಯ. ಕ್ಯಾಟಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಪತ್ತೆಯ ದೂರ. ಎರಡು ಸಾವಿರ ಮೀಟರ್, ಎರಡೂವರೆ ಸಾವಿರ ಮೀಟರ್ ಎಂದೆಲ್ಲ ಇರುತ್ತದೆ. ಅದು ಸುಳ್ಳಲ್ಲ, ಆದರೆ ಬೇಟೆಗಾರನಿಗೆ ಬೇಕಾದ ನಿಜವೂ ಅಲ್ಲ. ಈ ಲೆಕ್ಕದ ಮೂಲ 1958ರಲ್ಲಿ ಅಮೆರಿಕದ ಸೇನೆಯ ಜಾನ್ ಜಾನ್ಸನ್ ಮಂಡಿಸಿದ ಸೂತ್ರದಲ್ಲಿದೆ. ಅದನ್ನು ಇಂದಿನ ಭಾಷೆಗೆ ತಂದರೆ, ಒಂದು ವಸ್ತು ಸುಮಾರು ಎರಡು ಪಿಕ್ಸೆಲ್ ತುಂಬಿದರೆ ‘ಅಲ್ಲೇನೋ ಇದೆ’ ಎನ್ನಬಹುದು. ಎಂಟು ತುಂಬಿದರೆ ನಾಲ್ಕು ಕಾಲಿನದೋ ಎರಡು ಕಾಲಿನದೋ ತಿಳಿದೀತು. ಇದು ಹಂದಿಯೇ ಎಂದು ಖಾತ್ರಿಯಾಗಲು ಹದಿಮೂರರ ಹತ್ತಿರ ಬೇಕು.

ಪೆನ್ಸಿಲ್ ಹಿಡಿದು ಕೂತರೆ ಯಾರಾದರೂ ಮಾಡಬಹುದಾದ ಲೆಕ್ಕ ಇದು. ಇಂದಿನ ಬಹುತೇಕ ಸ್ಕೋಪ್‌ಗಳಲ್ಲಿ ಪಿಕ್ಸೆಲ್ ಗಾತ್ರ 12 ಮೈಕ್ರಾನ್. ಲೆನ್ಸ್ 35 ಮಿ.ಮೀ. ಎಂದುಕೊಳ್ಳಿ. ಆಗ 100 ಮೀಟರ್ ದೂರದಲ್ಲಿ ಒಂದು ಪಿಕ್ಸೆಲ್ ಸುಮಾರು ಮೂರೂವರೆ ಸೆಂಟಿಮೀಟರ್ ಜಾಗವನ್ನು ನೋಡುತ್ತದೆ. 300 ಮೀಟರಿನಲ್ಲಿ ಹತ್ತು ಸೆಂಟಿಮೀಟರ್. ಮುಕ್ಕಾಲು ಮೀಟರ್ ಎತ್ತರದ ಹಂದಿ ಅಷ್ಟು ದೂರದಲ್ಲಿ ಏಳು ಪಿಕ್ಸೆಲ್ಲಿನ ಬಿಳಿ ಚುಕ್ಕೆ, ಅಷ್ಟೇ. ಅದಕ್ಕೆ ಮೂತಿಯೂ ಇಲ್ಲ, ಕಿವಿಯೂ ಇಲ್ಲ. ಆಳೆತ್ತರದ ವಸ್ತುವಿಗೆ ಎರಡು ಪಿಕ್ಸೆಲ್ ಸಾಕು ಎಂದು ಹಿಡಿದರೆ ಇದೇ ಸ್ಕೋಪಿನ ಪತ್ತೆಯ ದೂರ ಎರಡೂವರೆ ಕಿಲೋಮೀಟರ್ ದಾಟುತ್ತದೆ. ಹಂದಿಯನ್ನು ಹಂದಿಯೆಂದು ಹೇಳಬಲ್ಲ ದೂರ ಮಾತ್ರ 170 ಮೀಟರಿನ ಆಸುಪಾಸು. ಕೊಳ್ಳುವವನು ನೋಡಬೇಕಾದ್ದು ಈ ಎರಡನೇ ಸಂಖ್ಯೆ. ಅದು ಕ್ಯಾಟಲಾಗಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಅಡ್ಡಸಾಲಿನಲ್ಲಿ 640 ಪಿಕ್ಸೆಲ್ ಇರುವ ಸೆನ್ಸರ್ ಕೊಂಡರೆ 384 ಇರುವುದಕ್ಕಿಂತ ದೂರ ಕಾಣುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಪಿಕ್ಸೆಲ್ ಗಾತ್ರ, ಲೆನ್ಸ್ ಎರಡೂ ಒಂದೇ ಆಗಿದ್ದರೆ ಹಂದಿಯ ಮೈಮೇಲೆ ಬೀಳುವ ಪಿಕ್ಸೆಲ್‌ಗಳೂ ಅಷ್ಟೇ. ಬದಲಾಗುವುದು ಕಾಣುವ ಅಗಲ. 35 ಮಿ.ಮೀ. ಲೆನ್ಸಿನಲ್ಲಿ 384ಕ್ಕೆ 100 ಮೀಟರ್ ದೂರದಲ್ಲಿ ಸುಮಾರು 13 ಮೀಟರ್ ಅಗಲದ ನೋಟ ಸಿಕ್ಕಿದರೆ 640ಕ್ಕೆ 22 ಮೀಟರ್. ಹಿಂಡಾಗಿ ಬರುವ ಹಂದಿಗೆ ಈ ಅಗಲ ದೊಡ್ಡದೇ, ಮೊದಲ ಈಡಿಗೆ ಚದುರಿದ ಮೇಲೆ ಯಾವುದು ಎತ್ತ ಓಡಿತೆಂದು ಕಾಣುತ್ತದೆ. ದೂರ ಬೇಕೆಂದರೆ ಲೆನ್ಸ್ ದೊಡ್ಡದಾಗಬೇಕು. 50 ಮಿ.ಮೀ.ಗೆ ಹೋದರೆ ಖಾತ್ರಿಯ ದೂರ 240 ಮೀಟರಿನವರೆಗೆ ಹೋಗುತ್ತದೆ, ನೋಟ ಕಿರಿದಾಗುತ್ತದೆ. ಡಿಜಿಟಲ್ ಜೂಮ್‌ಗೆ ಮಾತ್ರ ಒಂದು ಪೈಸೆಯನ್ನೂ ಹೆಚ್ಚು ಕೊಡಬಾರದು. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿದಂತೆ, ಚೌಕಗಳು ದೊಡ್ಡದಾಗುತ್ತವೆಯೇ ಹೊರತು ಹೊಸದೇನೂ ಕಾಣುವುದಿಲ್ಲ.

ಇನ್ನೆರಡು ಅಂಕಿ ನೋಡಿದರೆ ಸಾಕು. ಎಷ್ಟು ಸಣ್ಣ ತಾಪಮಾನದ ವ್ಯತ್ಯಾಸ ಗೊತ್ತಾಗುತ್ತದೆ ಎಂಬುದನ್ನು ಮಿಲಿಕೆಲ್ವಿನ್‌ನಲ್ಲಿ ಬರೆದಿರುತ್ತಾರೆ. 25 ಎಂದರೆ ಒಂದು ಡಿಗ್ರಿಯ ನಲವತ್ತನೇ ಒಂದು ಭಾಗ. ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು, ಅದರಲ್ಲೂ ಕರಾವಳಿಯ ತೇವದ ಗಾಳಿಯಲ್ಲಿ. ಸೆಕೆಂಡಿಗೆ 50 ಚಿತ್ರ ಕೊಡುವ ಸ್ಕೋಪ್‌ನಲ್ಲಿ ಓಡುವ ಹಂದಿ ಓಡುವಂತೆ ಕಾಣುತ್ತದೆ. ಸೆಕೆಂಡಿಗೆ ಒಂಬತ್ತೇ ಚಿತ್ರ ಕೊಡುವ ಅಗ್ಗದ ಸಾಧನದಲ್ಲಿ ಅದು ಕುಪ್ಪಳಿಸುತ್ತದೆ.

ಗುರಿ ಹೊಂದಿಸುವುದೂ ಬೇರೆ ಬಗೆ. ಕಾಗದದ ಮೇಲೆ ಅಚ್ಚು ಹಾಕಿದ ಕಪ್ಪು ವೃತ್ತಕ್ಕೂ ಅದರ ಸುತ್ತಲಿನ ಬಿಳಿಗೂ ಬಿಸಿಯಲ್ಲಿ ವ್ಯತ್ಯಾಸ ಇರದಿದ್ದರೆ ಥರ್ಮಲ್‌ಗೆ ಎರಡೂ ಒಂದೇ. ಅದಕ್ಕೇ ಚಳಿಗಾಲದಲ್ಲಿ ಜೇಬಿನಲ್ಲಿಟ್ಟುಕೊಳ್ಳುವ, ತಾನಾಗಿ ಬಿಸಿಯಾಗುವ ಪುಟ್ಟ ಪೊಟ್ಟಣವನ್ನು ರಟ್ಟಿಗೆ ಅಂಟಿಸುತ್ತಾರೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಚೂರೂ ನಡೆಯುತ್ತದೆ. ಸ್ವಲ್ಪ ಹಿಂದಕ್ಕೆ ವಾಲಿಸಿದರೆ ತಣ್ಣನೆಯ ಆಕಾಶ ಅದರಲ್ಲಿ ಪ್ರತಿಫಲಿಸಿ ಕಪ್ಪು ಚುಕ್ಕೆ ಮೂಡುತ್ತದೆ. ಮಧ್ಯೆ ಮಧ್ಯೆ ಸ್ಕೋಪಿನಲ್ಲಿ ‘ಟಿಕ್’ ಎಂದು ಸದ್ದಾಗಿ ಚಿತ್ರ ನಿಂತುಬಿಟ್ಟರೆ ಹೆದರಬೇಕಿಲ್ಲ. ಒಳಗಿನ ಶಟರ್ ಮುಚ್ಚಿ ಸೆನ್ಸರ್ ತನ್ನನ್ನು ತಾನು ಸರಿಮಾಡಿಕೊಳ್ಳುತ್ತಿರುತ್ತದೆ. ಕೋವಿಯ ಕುದುರೆಗೆ ಬೆರಳಿಡುವ ಮುನ್ನವೇ ಸ್ಕೋಪಿನ ಗುಂಡಿ ಒತ್ತಿ ಅದನ್ನು ಮುಗಿಸಿಕೊಳ್ಳುವುದು ಪಳಗಿದವರ ಅಭ್ಯಾಸ.

ಥರ್ಮಲ್‌ನ ನಿಜವಾದ ಅಪಾಯ ಅದು ತೋರಿಸದೆ ಬಿಡುವುದರಲ್ಲಿದೆ. ಗಾಳಿಯಷ್ಟೇ ತಣ್ಣಗಿರುವ ಮುಳ್ಳುತಂತಿ, ಒಣಹುಲ್ಲು, ಸಣ್ಣ ರೆಂಬೆ ಇವೆಲ್ಲ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಹಾರುವ ಗುಂಡಿಗೆ ಮಾತ್ರ ಅವು ಇದ್ದೇ ಇರುತ್ತವೆ. ದೂರದ ಅಂದಾಜು ಸಿಗುವುದಿಲ್ಲ, ಹತ್ತಿರದ ಮರಿಯೂ ದೂರದ ಸಲಗವೂ ಒಂದೇ ಅಳತೆಯ ಬಿಳುಪು. ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇದೆಯೋ, ರಸ್ತೆ ಇದೆಯೋ, ಯಾರದೋ ಮನೆ ಇದೆಯೋ ಹಗಲಲ್ಲೇ ನೋಡಿಟ್ಟಿರಬೇಕು. ಹುಲ್ಲಿನಲ್ಲಿ ಮಲಗಿದ ಕರು ಹಂದಿಯಂತೆಯೇ ಕಾಣುತ್ತದೆ. ಜಿಂಕೆಯೂ ಅದೇ ಹೊಲದಲ್ಲಿ ಮೇಯುತ್ತಿರುತ್ತದೆ. ಟೆಕ್ಸಾಸ್‌ನಲ್ಲಿ ರಾತ್ರಿ ಜಿಂಕೆ ಹೊಡೆಯುವುದು ಅಪರಾಧ. ಸ್ಕೋಪ್ ಕೋವಿಯ ಮೇಲೇ ಕೂತಿರುವುದರಿಂದ, ಅದರಲ್ಲಿ ಹುಡುಕುವುದೆಂದರೆ ಕಂಡದ್ದರ ಕಡೆಗೆಲ್ಲ ತುಂಬಿದ ನಳಿಗೆ ತಿರುಗಿಸುವುದು. ಆ ಬಿಳಿ ಆಕಾರ ಪಕ್ಕದ ಜಮೀನಿನವನೇ ಆಗಿರಬಹುದು. ಹುಡುಕಲು ಕೈಯಲ್ಲಿ ಹಿಡಿಯುವ ಥರ್ಮಲ್ ಮಾನೋಕ್ಯುಲರ್ ಬೇರೆಯೇ ಇರಬೇಕು. ಇರುವ ದುಡ್ಡಿಗೆ ಒಂದೇ ಬರುವುದಾದರೆ ಮೊದಲು ಮಾನೋಕ್ಯುಲರ್ ಕೊಳ್ಳಿ, ಸ್ಕೋಪಿಗೆ ಮುಂದಿನ ವರ್ಷದವರೆಗೆ ಕಾಯಿರಿ.

ಇಷ್ಟೆಲ್ಲ ಮಾಡಿದರೂ ಹಂದಿ ಕಡಿಮೆಯಾಗುತ್ತದೆಯೇ? ಮಿಸೌರಿ ರಾಜ್ಯದ ಸಂರಕ್ಷಣಾ ಇಲಾಖೆ 2016ರಲ್ಲಿ ತನ್ನ ಜಮೀನುಗಳಲ್ಲಿ ಹಂದಿ ಬೇಟೆಯನ್ನೇ ನಿಷೇಧಿಸಿತು. ಹಿಂಡಿನಲ್ಲಿ ಎರಡು ಮೂರು ಸತ್ತರೆ ಉಳಿದವು ಬೇರೆ ಊರಿಗೆ ಚದುರುತ್ತವೆ, ಬೋನಿನ ಹತ್ತಿರವೂ ಸುಳಿಯುವುದಿಲ್ಲ ಎಂಬುದು ಅವರ ವಾದ. ದೊಡ್ಡ ಬೋನಿನಲ್ಲಿ ಇಡೀ ಹಿಂಡನ್ನೇ ಒಮ್ಮೆಗೆ ಹಿಡಿಯುವುದು ಅವರ ದಾರಿ. ನನಗೂ ಅದೇ ಸರಿ ಎನಿಸುತ್ತದೆ. ಥರ್ಮಲ್ ಸ್ಕೋಪ್ ಒಂದು ರಾತ್ರಿಯ ಬೆಳೆ ಉಳಿಸಬಲ್ಲದು, ಒಂದು ಜಿಲ್ಲೆಯ ಹಂದಿ ಕಡಿಮೆ ಮಾಡಲಾರದು.

ಇದನ್ನು ಓದುತ್ತಿರುವ ಮಲೆನಾಡಿನ ರೈತನಿಗೆ ಆಸೆ ಹುಟ್ಟಿದರೆ ತಪ್ಪಿಲ್ಲ. ಗದ್ದೆ ಕಾಯಲು ರಾತ್ರಿ ಮರಸು ಕೂತವನಿಗೆ ಹಂದಿಯ ಹಾವಳಿ ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ಕಾನೂನು ಟೆಕ್ಸಾಸ್‌ನದಲ್ಲ, ನಮ್ಮ ಕಾಡುಹಂದಿಯೂ ಹೊರಗಿನಿಂದ ಬಂದದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಇಲ್ಲದೆ ಅದನ್ನು ಹೊಡೆಯುವುದು ಅಪರಾಧ, ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಆ ಅನುಮತಿಯಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಉತ್ತರಾಖಂಡದಲ್ಲಿ ಕಾಡುಹಂದಿಯನ್ನು ಪೀಡಕ ಪ್ರಾಣಿ ಎಂದು ಘೋಷಿಸಿದ್ದೂ ಒಂದು ವರ್ಷದ ಅವಧಿಗೆ ಮಾತ್ರ. ಥರ್ಮಲ್ ಇಲ್ಲಿಗೂ ಬಂದಿದೆ, ಆದರೆ ಬೇರೆ ಕೈಗೆ: ನಮ್ಮ ಅರಣ್ಯ ಇಲಾಖೆ ಹುಲಿ, ಆನೆ ಹುಡುಕಲು ಥರ್ಮಲ್ ಡ್ರೋನ್ ಹಾರಿಸುತ್ತದೆ. ಕತ್ತಲಲ್ಲಿ ತೋಟಕ್ಕೆ ಇಳಿಯುವ ಮೊದಲು ಆನೆ ನಿಂತಿದೆಯೇ ಎಂದು ನೋಡಿಕೊಳ್ಳಲು ಮಾನೋಕ್ಯುಲರ್ ಉಪಯೋಗಕ್ಕೆ ಬಂದೀತು. ಕೋವಿಯ ಮೇಲಿನ ಥರ್ಮಲ್ ಸ್ಕೋಪಿಗೆ ನಮ್ಮ ರೈತನ ಕೈಯಲ್ಲಿ ಕೆಲಸವಿಲ್ಲ.